ಪೊನ್ಸೊ ತಾತಾಯ್ ಮನೆಯ ಗುಡಿಸದ ನೆಲ

ಸೆಪ್ಟೆಂಬರ್ 15, ಸೋಮವಾರ. ಬೆಳಿಗ್ಗೆ 8.40.

ಇಲೊಯಿಲೊ ನಗರದ ನದಿದಂಡೆಯ ಪೊಲೀಸ್ ಠಾಣೆಯಲ್ಲಿ ಇನ್ಸ್‌ಪೆಕ್ಟರ್ ಮೆಲ್ಚೊರ್ ಪಲ್ಮಾರೆಸ್ ಬಿಸಿ ಗಂಜಿಗೆ ಇನ್ನೂ ಚಮಚ ಅದ್ದಿರಲಿಲ್ಲ. ಸೋಮವಾರ ಬೆಳಗಿನ ದೂರುಗಳು ಅವನಿಗೆ ಬಾಯಿಪಾಠ: ಭಾನುವಾರ ಕುಡಿದವರ ಜಗಳ, ಕೋಳಿ ಅಂಕದ ಹೊಡೆದಾಟ, ಕಳೆದುಹೋದ ಮೊಬೈಲು. ಆದರೆ ಈ ದಿನ ಬಾಗಿಲಲ್ಲಿ ಕೊಡೆ ಮಡಚುತ್ತ ನಿಂತಿದ್ದವರು ಎಪ್ಪತ್ತೆರಡರ ಎಪಿಫಾನಿಯಾ ತಾಬೊರ್ದಾ, ಊರಿನ ಅರ್ಧ ಜನಕ್ಕೆ ಮಗ್ಗಿ ಕಲಿಸಿದ ನಿವೃತ್ತ ಶಿಕ್ಷಕಿ. ಎಲ್ಲರೂ ಅವರನ್ನು ಮೇಸ್ಟ್ರಾ ಎಂದೇ ಕರೆಯುವುದು. ಪಲ್ಮಾರೆಸ್ ದಡಬಡಿಸಿ ಎದ್ದು ನಿಂತ. ನಲವತ್ತೆಂಟರ ಗಂಡಸು, ಸೊಂಟದಲ್ಲಿ ಪಿಸ್ತೂಲು. ಆದರೂ ನಾಲ್ಕನೇ ಕ್ಲಾಸಿನ ಹೆದರಿಕೆ ಅಷ್ಟು ಸುಲಭಕ್ಕೆ ಬಿಟ್ಟುಹೋಗುವುದಿಲ್ಲ.

"ಕೂತ್ಕೋ, ಕೂತ್ಕೋ. ಗಂಜಿ ಆರಿಹೋಗುತ್ತೆ, ತಿಂತಾನೇ ಕೇಳು," ಎಂದರು ಮೇಸ್ಟ್ರಾ. "ಒಬ್ಬ ಮನುಷ್ಯನಿಗೆ ಏನೋ ಆಗಿದೆ ಮೆಲ್ಚೊರ್. ನಂಗೆ ರಾತ್ರಿಯೆಲ್ಲ ನಿದ್ದೆ ಇಲ್ಲ."

ಕಾನ್ಸ್‌ಟೇಬಲ್ ಗ್ಲೆಂಡಾ ಪುಸ್ತಕ ತೆರೆದಳು.

"ಯಾರಿಗೆ? ಹೆಸರು ಹೇಳಿ."

"ತಾತಾಯ್ ಪೊನ್ಸೊ."

"ಪೂರ್ತಿ ಹೆಸರು?"

"ಗೊತ್ತಿಲ್ಲ."

"ವಿಳಾಸ?"

"ಅದು ಗೊತ್ತಿದ್ರೆ ನಾನೇ ಹೋಗಿ ಬಾಗಿಲು ಬಡೀತಿರಲಿಲ್ವೇನೆ ಹುಡುಗಿ?"

"ಎಷ್ಟು ದಿನದ ಪರಿಚಯ?"

"ಎರಡು ವರ್ಷ ಎಂಟು ತಿಂಗಳು. ಪ್ರತಿ ಭಾನುವಾರ, ಎರಡರಿಂದ ನಾಲ್ಕು ಗಂಟೆ."

"ಮುಖ ಹೇಗಿದೆ?"

"ನೋಡಿಲ್ಲ."

ಗ್ಲೆಂಡಾ ತುಟಿ ಕಚ್ಚಿ ಪುಸ್ತಕದ ಮೇಲೆ ಬಗ್ಗಿದಳು. ಮೇಸ್ಟ್ರಾ ಬಿಡಲಿಲ್ಲ. "ನಗೋದಾದ್ರೆ ನಕ್ಕುಬಿಡು. ಆಮೇಲೆ ನೆಟ್ಟಗೆ ಬರಿ."

ವಿಷಯ ಇಷ್ಟು. ಊರಿನ ಟಿವಿಯಲ್ಲಿ ಭಾನುವಾರ ಮಧ್ಯಾಹ್ನ 'ಕೊನೆಯ ಎಲೆ' ಎಂಬ ಪೋಕರ್ ಆಟ ನೇರಪ್ರಸಾರವಾಗುತ್ತದೆ. ಒಂಬತ್ತು ಮಂದಿ ಮೇಜಿನ ಸುತ್ತ ಕೂತು ಇಸ್ಪೀಟ್ ಆಡುತ್ತಾರೆ, ಉಳಿದ ಊರು ಮೊಬೈಲಿನಲ್ಲಿ ಕೂತು ಅವರನ್ನು ಆಡಿಕೊಳ್ಳುತ್ತದೆ. ಹಾಗೆ ಚಾಟ್ ಮಾಡುವವರ ಹೆಸರುಗಳಲ್ಲೇ ಮೂರು ಸಲ ಬಹುಮಾನದ ಚೀಟಿ ಎತ್ತುತ್ತಾರೆ. ಹೆಸರು ಪರದೆಯ ಮೇಲೆ ಬಂದ ಒಂದು ನಿಮಿಷದೊಳಗೆ 'ಇಲ್ಲೇ ಇದ್ದೀನಿ' ಎಂದು ಬರೆಯಬೇಕು. ಆಮೇಲೆ ಹತ್ತು ನಿಮಿಷ ಅಲ್ಲೇ ಕಾದಿದ್ದು, ನಿರೂಪಕಿ ಕೇಳಿದ ಒಂದು ಪ್ರಶ್ನೆಗೆ ಉತ್ತರ ಕೊಡಬೇಕು. ನಡುವೆ ಆಚೀಚೆ ಹೋದರೆ ಬಹುಮಾನ ಬೇರೆಯವರ ಪಾಲು.

"ನಿನ್ನೆ ದೊಡ್ಡ ಬಹುಮಾನ ಪೊನ್ಸೊಗೆ ಬಂತು," ಎಂದರು ಮೇಸ್ಟ್ರಾ. "ಜೀವನೋಪಾಯದ ಪ್ಯಾಕೇಜು. ಎರಡು ಹೊಲಿಗೆ ಮಷೀನು, ಹತ್ತು ಥಾನು ಬಟ್ಟೆ. ಗೆದ್ದ ಕೂಡ್ಲೇ ನಾವೆಲ್ಲ ಬಲಾತೊ, ಬಲಾತೊ ಅಂತ ಕೂಗಿದ್ವಿ. ಗೆದ್ದೋನು ಸುತ್ತ ಇದ್ದೋರಿಗೆ ಏನಾದ್ರೂ ಕೊಡ್ತೀನಿ ಅನ್ನಬೇಕಲ್ಲ. ಆ ಪುಣ್ಯಾತ್ಮ ಎರಡು ವರ್ಷದಿಂದ ನಂಗೊಂದು ಹೇಟೆ ಕೋಳಿ ಬಲಾತೊ ಕೊಡ್ತೀನಿ ಅಂತ ಪ್ರಾಣ ತಿಂತಿದ್ದ. ಕೋಳಿಗೆ ಹೆಸರೂ ಇಟ್ಟಿದ್ದ. ನಿನ್ನೆ ಗೆದ್ದಾಗ ಕೋಳಿ ಸುದ್ದಿಯೇ ಇಲ್ಲ."

"ಜಿಪುಣತನ ಬಂದಿರಬಹುದು ಮೇಸ್ಟ್ರಾ."

"ಪೊನ್ಸೊಗೆ? ಅವನು ಸೋತೋರಿಗೇ ಬಲಾತೊ ಕೊಡೋ ಪೈಕಿ. ಯಾರೋ ಅವನ ಮೊಬೈಲು ಕಿತ್ಕೊಂಡಿದ್ದಾರೆ. ಅವನನ್ನ ಏನು ಮಾಡಿದ್ದಾರೋ ಏನೋ." ಅವರು ಕರವಸ್ತ್ರ ತೆಗೆದು ಕಣ್ಣೊರೆಸಿಕೊಂಡರು. ಬೆತ್ತ ಹಿಡಿದು ಪಾಠ ಹೇಳುತ್ತಿದ್ದ ಕಾಲದಿಂದಲೂ ಈ ಹೆಂಗಸಿನ ಕಣ್ಣಲ್ಲಿ ಪಲ್ಮಾರೆಸ್ ನೀರು ಕಂಡವನಲ್ಲ. ಅವನು ಗಂಜಿಯ ಬಟ್ಟಲನ್ನು ಪಕ್ಕಕ್ಕೆ ಸರಿಸಿದ.

9.05ಕ್ಕೆ ನಾಪತ್ತೆ ಪ್ರಕರಣವೆಂದು ಎಫ್‌ಐಆರ್ ದಾಖಲಾಯಿತು. 9.20ಕ್ಕೆ ಗ್ಲೆಂಡಾ ಟಿವಿ ಕಚೇರಿಗೆ ಫೋನು ಮಾಡಿದಳು. ಅರ್ಧ ಗಂಟೆಯಲ್ಲಿ ವಿಳಾಸ ಬಂತು, ಚಾಟ್‌ನ ಪ್ರತಿ ಬಂತು, ಜೊತೆಗೆ ಯಾರೂ ನಿರೀಕ್ಷಿಸದ ಇನ್ನೊಂದು ಕಾಗದದ ನಕಲೂ ಬಂತು. ಅಂದೇ ಬೆಳಿಗ್ಗೆ 8.15ಕ್ಕೆ ಮೆರ್ಲಿಂದಾ ಗಾಲ್ವೆ ಎಂಬ ಹೆಂಗಸು ಕಚೇರಿಗೆ ಹೋಗಿ ತನ್ನ ಚಿಕ್ಕಪ್ಪನ ಪರವಾಗಿ ಅಧಿಕಾರಪತ್ರ ಕೊಟ್ಟಿದ್ದಳು. 'ನನಗೆ ಓಡಾಡಲು ಆಗುವುದಿಲ್ಲ. ಬಹುಮಾನವನ್ನು ನಮ್ಮ ಮನೆಗೇ ಕಳಿಸಿಕೊಡಿ. ಇಲ್ದೆಫೊನ್ಸೊ ಗಾಲ್ವೆ, ವಯಸ್ಸು 81.' ಕೆಳಗೆ ಸೋಮವಾರದ ತಾರೀಕು, ನೀಲಿ ಶಾಯಿಯ ಹೆಬ್ಬೆಟ್ಟು.

"ಹಾಗಾದ್ರೆ ಅಜ್ಜ ಬೆಳಿಗ್ಗೆ ಹೆಬ್ಬೆಟ್ಟು ಒತ್ತಿದ್ದಾನೆ. ಗಟ್ಟಿಯಾಗಿದ್ದಾನೆ ಸರ್," ಎಂದಳು ಗ್ಲೆಂಡಾ. "ಮೇಸ್ಟ್ರಾಗೆ ಕೋಳಿ ತಪ್ಪಿಸೋಕೆ ಅಡಗಿ ಕೂತಿರಬೇಕು."

ಪಲ್ಮಾರೆಸ್ ಚಾಟ್‌ನ ಪ್ರತಿಯ ಮೇಲೆ ಬೆರಳಾಡಿಸುತ್ತಿದ್ದ.

3.02, ತಾತಾಯ್ ಪೊನ್ಸೊ: ಆ ಕೆಂಪು ಟೋಪಿಯವನ ಕೈಲಿ ಎರಡು ರಾಣಿ. ನಂಗೆ ಒಂದೂ ಇಲ್ಲ. ಮೇಸ್ಟ್ರಾ, ಕೇಳಿಸ್ತಾ?

3.03, ಮೇಸ್ಟ್ರಾ: ಈ ವಯಸ್ಸಿಗೆ ರಾಣಿ ಯಾಕೆ, ಊರುಗೋಲು ಹುಡುಕಿ.

3.06, ತಾತಾಯ್ ಪೊನ್ಸೊ: ಎದೆ ಯಾಕೋ ಬಿಗೀತಿದೆ. ನಿಮ್ಮ ಮಾತಿಗೋ, ಬೆಳಿಗ್ಗೆ ತಿಂದ ಹಂದಿ ಚರ್ಮಕ್ಕೋ.

3.11ಕ್ಕೆ ಚೀಟಿ ಎತ್ತಿದ್ದು. ಹೆಸರು ಬಂದ ಮೂವತ್ತೆಂಟನೇ ಸೆಕೆಂಡಿಗೆ: ಇಲ್ಲೇ ಇದ್ದೀನಿ.

ಆಮೇಲೆ ನಲವತ್ತು ಜನರ ಬಲಾತೊ, ಬಲಾತೊ. ನಡುವೆ 3.14ಕ್ಕೆ ಮೇಸ್ಟ್ರಾ: ಎದೆ ಹೇಗಿದೆ? 3.16ಕ್ಕೆ ಉತ್ತರ: ಚೆನ್ನಾಗಿದೆ. ಧನ್ಯವಾದ. 3.21ಕ್ಕೆ ನಿರೂಪಕಿ ಕೇಳಿದ ಹುಟ್ಟಿದ ತಾರೀಕು, ಅಚ್ಚುಕಟ್ಟಾಗಿ. ಅಲ್ಲಿಗೆ ಮುಗಿಯಿತು.

"ನಡಿ, ಅಜ್ಜನ ಮುಖ ನೋಡ್ಕೊಂಡು ಬರೋಣ," ಎಂದ ಪಲ್ಮಾರೆಸ್.

10.30. ನದಿ ಕಡಲು ಸೇರುವ ಕಡೆಯ ಒಂದು ಓಣಿ. ಕ್ಷೌರದಂಗಡಿ, ಅದರ ಪಕ್ಕ ಗಾಲ್ವೆ ಮನೆ, ಎದುರು ಸಾಲಿನಲ್ಲಿ ಒಂದು ಸಣ್ಣ ಆಸ್ಪತ್ರೆ. ಗ್ಲೆಂಡಾ ಅಭ್ಯಾಸಬಲದಿಂದ ಹೆಜ್ಜೆ ಎಣಿಸಿದಳು. ಗಾಲ್ವೆ ಮನೆಯ ಬಾಗಿಲಿಂದ ಆಸ್ಪತ್ರೆಯ ಮೆಟ್ಟಿಲಿಗೆ ನಲವತ್ತೊಂದು.

ಬಾಗಿಲು ತೆರೆದ ಮೆರ್ಲಿಂದಾಗೆ ನಲವತ್ತನಾಲ್ಕು ವಯಸ್ಸು. ಸಣಕಲು ದೇಹ, ಎಣ್ಣೆ ಹಾಕಿ ಬಿಗಿದು ಕಟ್ಟಿದ ಕೂದಲು, ಇಸ್ತ್ರಿ ಮಾಡಿದ ಅಂಗಿ. ಪಾತ್ರೆ ಒರೆಸುವ ಬಟ್ಟೆಗಳನ್ನೂ ಒಗೆದು ಸಾಲಾಗಿ ನೇತುಹಾಕಿದ್ದಳು. ಕಾಫಿ ಬೀಜ ಹುರಿದ ಹೊಗೆ ಮನೆ ತುಂಬ ಕವಿದಿತ್ತು.

"ಚಿಕ್ಕಪ್ಪ ಇದ್ದಾರಾ ಇಂದಾಯ್?" ಎಂದು ಪಲ್ಮಾರೆಸ್ ತಂಗಿಯನ್ನು ಕೇಳುವ ಹಾಗೆ ಕೇಳಿದ.

"ಇಲ್ಲ ಸರ್. ಗಿಮರಾಸ್ ದ್ವೀಪಕ್ಕೆ ಹೋದ್ರು, ಅಕ್ಕನ ಮನೆಗೆ."

"ಯಾವಾಗ?"

"ಬೆಳಿಗ್ಗೆ ಐದರ ದೋಣಿಗೆ."

"ಒಬ್ಬರೇ?"

"ಪರಿಚಯದೋರು ಕರ್ಕೊಂಡು ಹೋದ್ರು."

"ಯಾರು?"

"ಹೆಸರು ಗೊತ್ತಿಲ್ಲ ಸರ್."

"ಓಡಾಡೋಕೆ ಆಗಲ್ಲ ಅಂತ ಕಾಗದದಲ್ಲಿ ಬರೆದಿದ್ದಾರೆ. ದೋಣಿ ಹತ್ತೋಕೆ ಆಗುತ್ತಾ?"

ಅವಳು ಅಂಗಿಯ ಅಂಚು ಹಿಡಿದು ಹೊಲಿಗೆ ನೋಡುವವಳಂತೆ ಬೆರಳು ಸವರಿದಳು. "ಎತ್ತಿ ಕೂರಿಸಿದ್ರು."

"ನಿನ್ನೆ ಎದೆನೋವು ಅಂದಿದ್ರಂತೆ?"

"ಹೋಯ್ತು ಸರ್. ಆಮೇಲೆ ಸರಿಹೋಯ್ತು."

"ಚಾಟ್ ಮಾಡಿದ್ದು ಅವರೇನಾ?"

"ಅವರ ಕೈ ನಡುಗುತ್ತೆ. ಅವರು ಹೇಳೋರು, ನಾನು ಒತ್ತೋಳು. ಯಾವಾಗ್ಲೂ ಹಾಗೇ."

ಗ್ಲೆಂಡಾ ಕೂತಲ್ಲಿಂದಲೇ ಕಣ್ಣಾಡಿಸುತ್ತಿದ್ದಳು. ಗೋಡೆಯ ಕನ್ನಡಿಗೆ ಹಾಸಿಗೆಯ ಬಟ್ಟೆ ಮುಚ್ಚಿತ್ತು. "ಅದೇನು ಮನಾಂಗ್?" ಎಂದು ಕೇಳಿದಳು, ಅಕ್ಕ ಎನ್ನುವ ಸಲುಗೆಯಿಂದ. ಗಾಜು ಬಿರುಕು ಬಿಟ್ಟಿದೆ, ಕೈ ಕುಯ್ಯುತ್ತೆ ಎಂದಳು ಮೆರ್ಲಿಂದಾ. ಒಳಕೋಣೆಯ ಬಾಗಿಲು ಹಾಕಿತ್ತು. ಒಳಗೇನಿದೆ ಎಂದರೆ ಹಳೇ ಸಾಮಾನು ಎಂದಳು.

ಇಷ್ಟಕ್ಕೆ ಬಾಗಿಲು ಒಡೆಯಲು ಆಗುತ್ತದೆಯೇ? ಸುಳ್ಳು ಹೇಳುತ್ತಿದ್ದಾಳೆಂದು ಪಲ್ಮಾರೆಸ್‌ಗೆ ಗೊತ್ತಿತ್ತು, ಆದರೆ ಯಾವ ಸುಳ್ಳು ಎಂದು ಗೊತ್ತಿರಲಿಲ್ಲ. ಅವನು ಎದ್ದ. "ಹೋಗಿ ಬರ್ತೀವಿ."

ಅವಳು ಕೂತಲ್ಲಿಂದ ಕದಲಲಿಲ್ಲ.

ಬೀದಿಗೆ ಬಂದಮೇಲೆ ಗ್ಲೆಂಡಾ ಬಂದರಿಗೆ ಫೋನು ಮಾಡಿದಳು. ಐದರ ದೋಣಿಯ ಪ್ರಯಾಣಿಕರ ಪಟ್ಟಿಯಲ್ಲಿ ಗಾಲ್ವೆ ಎನ್ನುವ ಹೆಸರಿರಲಿಲ್ಲ. ಆರರದ್ದರಲ್ಲೂ ಇರಲಿಲ್ಲ. ಆಸ್ಪತ್ರೆಯ ನರ್ಸು ನಿನ್ನೆ ಮಧ್ಯಾಹ್ನ ಎರಡರಿಂದ ಐದರವರೆಗೆ ಬಾಗಿಲಲ್ಲೇ ಕೂತಿದ್ದಳಂತೆ. ಆ ಮನೆಯಿಂದ ಯಾರೂ ಬರಲಿಲ್ಲ, ಬಂದಿದ್ದರೆ ಡಾಕ್ಟರೂ ಒಳಗೇ ಇದ್ದರು ಎಂದಳು.

ಪಲ್ಮಾರೆಸ್ ಜೀಪಿಗೆ ಒರಗಿ ನಿಂತು ಬೂಟು ಕೊಡವಿದ. ಬೂಟಿನಡಿ ಮೆತ್ತಿಕೊಂಡಿದ್ದದ್ದು ಬಿಸ್ಕತ್ತಿನ ಪುಡಿ, ಮೇಣದ ಚೂರು, ನಿನ್ನೆಯಿಂದ ಕೂತ ಧೂಳು.

"ಗ್ಲೆಂಡಾ, ಆ ಹೆಂಗಸು ಶುಚಿಯವಳೋ ಕೊಳಕಿಯೋ?"

"ಶುಚಿ ಅಂದ್ರೆ ಶುಚಿ ಸರ್. ಪಾತ್ರೆ ಒರೆಸೋ ಬಟ್ಟೆಗೂ ಇಸ್ತ್ರಿ ಹಾಕಿದ್ದಾಳೆ."

"ಮತ್ತೆ ನೆಲ ಯಾಕೆ ಗುಡಿಸಿಲ್ಲ?"

ಗ್ಲೆಂಡಾ ತಿರುಗಿ ಆ ಮನೆಯ ಬಾಗಿಲು ನೋಡಿದಳು.

ಒಂದೂವರೆ ತಿಂಗಳ ಹಿಂದೆ ಪಲ್ಮಾರೆಸ್‌ನ ಅತ್ತೆ ತೀರಿಕೊಂಡಿದ್ದರು. ಹೆಣ ಮನೆಯಲ್ಲಿದ್ದ ಎರಡನೇ ದಿನ, ನೆಂಟರು ಚೆಲ್ಲಿದ ಬಿಸ್ಕತ್ತಿನ ಪುಡಿ ನೋಡಲಾರದೆ ಅವನು ಪೊರಕೆ ಹಿಡಿದಿದ್ದ. ಹೆಂಡತಿಯ ಸೋದರತ್ತೆ ಓಡಿಬಂದು ಪೊರಕೆ ಕಸಿದು ಅದರಿಂದಲೇ ಬೆನ್ನಿಗೆರಡು ಬಾರಿಸಿದ್ದಳು. 'ಹೆಣ ಮನೇಲಿದ್ದಾಗ ಗುಡಿಸ್ತಾರೇನೋ ಮುಠ್ಠಾಳ? ಮನೆಯವರನ್ನೆಲ್ಲ ಗುಡಿಸಿ ಹೊರಗೆ ಹಾಕ್ತೀಯಾ?' ಗುಡಿಸಬಾರದು, ಕನ್ನಡಿ ತೆರೆದಿಡಬಾರದು, ಬಂದವರನ್ನು ಬಾಗಿಲವರೆಗೆ ಹೋಗಿ ಬೀಳ್ಕೊಡಬಾರದು. ಬೀಳ್ಕೊಟ್ಟರೆ ಸಾವು ಇನ್ನೊಬ್ಬರನ್ನು ಕರೆದೊಯ್ಯುತ್ತದೆ ಎಂದು ಈ ನಾಡಿನಲ್ಲಿ ಹೆದರದವರಿಲ್ಲ. ಬೇರೆ ದಿನಗಳಲ್ಲಿ ಸಾಲ ಕೇಳಲು ಬಂದವನನ್ನೂ ಗೇಟಿನ ತನಕ ಬಿಟ್ಟುಬರುವ ಜನ ಇವರು. ಮೆರ್ಲಿಂದಾ ಕೂತಲ್ಲೇ ಕೂತಿದ್ದಳು.

"ಅಯ್ಯೋ ದೇವರೇ," ಎಂದಳು ಗ್ಲೆಂಡಾ. "ಅಜ್ಜ ಅಲ್ಲೇ ಇದ್ದಾನೆ."

11.40. ವಾರ್ಡಿನ ಮುಖ್ಯಸ್ಥನನ್ನೂ ಪಕ್ಕದ ಕ್ಷೌರಿಕನನ್ನೂ ಪಂಚರಾಗಿ ಕರೆದುಕೊಂಡು ಪಲ್ಮಾರೆಸ್ ಮತ್ತೆ ಬಾಗಿಲು ತಟ್ಟಿದ. ಈ ಸಲ ಅವನು ಕೂರಲೂ ಇಲ್ಲ, ಪ್ರಶ್ನೆ ಕೇಳಲೂ ಇಲ್ಲ. ಮೂಲೆಯಲ್ಲಿ ಆನಿಸಿದ್ದ ಪೊರಕೆ ಕೈಗೆತ್ತಿಕೊಂಡ.

"ನಮ್ಮ ಬೂಟಿನಿಂದ ಮನೆಯೆಲ್ಲ ಹೊಲಸಾಯ್ತು ಇಂದಾಯ್. ಒಂದು ಸಲ ಗುಡಿಸಿಬಿಡ್ತೀನಿ."

"ಬೇಡ ಸರ್."

"ಎರಡು ನಿಮಿಷದ ಕೆಲಸ." ಅವನು ಬಗ್ಗಿ ಒಳಕೋಣೆಯ ಬಾಗಿಲಿಂದ ಈಚೆಗೆ ಒಂದು ಸಲ ಪೊರಕೆ ಎಳೆದ.

"ಬೇಡ!" ಮೆರ್ಲಿಂದಾ ಹಾರಿಬಂದು ಪೊರಕೆಯನ್ನು ಎರಡೂ ಕೈಯಿಂದ ಹಿಡಿದಳು. ಅವಳ ಮುಖದಲ್ಲಿ ರಕ್ತವೇ ಇರಲಿಲ್ಲ. "ಗುಡಿಸಬೇಡಿ. ಅವರ ಆತ್ಮ ಇನ್ನೂ ಇಲ್ಲೇ ಇದೆ, ದಮ್ಮಯ್ಯ ಅಂತೀನಿ, ಗುಡಿಸಬೇಡಿ."

ಕ್ಷೌರಿಕ ಶಿಲುಬೆಯ ಗುರುತು ಹಾಕಿಕೊಂಡ. ಪಲ್ಮಾರೆಸ್ ಪೊರಕೆಯನ್ನು ಮೆಲ್ಲಗೆ ಬಿಟ್ಟ. ಕಳ್ಳರನ್ನು ಅವರ ದುರಾಸೆಯಿಂದ ಹಿಡಿದಿದ್ದ, ಸಿಟ್ಟಿನಿಂದ ಹಿಡಿದಿದ್ದ. ಒಬ್ಬಳನ್ನು ಅವಳ ದುಃಖದಿಂದ ಹಿಡಿದದ್ದು ಇದೇ ಮೊದಲು.

ಒಳಕೋಣೆಯ ಮಹಜರು 11.55ಕ್ಕೆ ಶುರುವಾಯಿತು. ಮರದ ಮಂಚದ ಮೇಲೆ ಇಲ್ದೆಫೊನ್ಸೊ ಗಾಲ್ವೆ ಮಲಗಿದ್ದ. ಮೈ ತೊಳೆದು, ಗಡ್ಡ ಬೋಳಿಸಿ, ಕಸೂತಿಯ ಬಿಳಿ ಅಂಗಿ ತೊಡಿಸಿತ್ತು. ಅಂಗಿಯ ತೋಳಿಗೆ ಹೊಸ ಹೊಲಿಗೆ, ಕೈಯಲ್ಲೇ ಹಾಕಿದ್ದು, ಒಂದೊಂದೂ ಅಕ್ಕಿಕಾಳಿನಷ್ಟು ಸಮ. ಮಂಚದ ಕೆಳಗೆ ಮೀನು ಮಾರುಕಟ್ಟೆಯ ಮಂಜುಗಡ್ಡೆ ತುಂಬಿದ ಎರಡು ಬೋಗುಣಿ. ತಲೆಯ ಬಳಿ ಮೇಣದಬತ್ತಿ, ಒಂದು ತಟ್ಟೆ ಬಿಸ್ಕತ್ತು, ಬರಬೇಕಾದ ನೆಂಟರಿಗೆಂದು ಬೋರಲು ಹಾಕಿದ ಆರು ಕಾಫಿ ಲೋಟ. ಮೈಮೇಲೆ ಗಾಯವಿಲ್ಲ. ಬಲಗೈ ಹೆಬ್ಬೆರಳು ಮಾತ್ರ ನೀಲಿ.

ಗ್ಲೆಂಡಾ ಅದನ್ನು ಪಂಚನಾಮೆಯಲ್ಲಿ ಬರೆದಳು.

ಎದುರಿನ ಆಸ್ಪತ್ರೆಯ ಡಾಕ್ಟರು ಬಂದು ನೋಡಿದರು. ಹೃದಯಾಘಾತ. ಸತ್ತು ಹೆಚ್ಚುಕಡಿಮೆ ಇಪ್ಪತ್ತು ತಾಸು. "ಆಗಲೇ ಕರೆದಿದ್ರೆ?" ಎಂದು ಪಲ್ಮಾರೆಸ್ ಕೇಳಿದ. ಡಾಕ್ಟರು ಕೈಗವಸು ಕಳಚುತ್ತ ಕಿಟಕಿಯಿಂದ ತಮ್ಮದೇ ಬಾಗಿಲನ್ನು ನೋಡಿದರು. "ಗ್ಯಾರಂಟಿ ಅನ್ನಲಾರೆ. ಆದ್ರೆ ಆಕ್ಸಿಜನ್ನು, ಔಷಧಿ, ಎಲ್ಲ ಇತ್ತು. ನಾನೂ ಟಿವಿಯಲ್ಲಿ ಅದೇ ಆಟ ನೋಡ್ತಾ ಕೂತಿದ್ದೆ."

ಹೇಳಿಕೆ ದಾಖಲಾದದ್ದು ಠಾಣೆಯಲ್ಲಿ, ಮಧ್ಯಾಹ್ನ 3.10ಕ್ಕೆ, ವಕೀಲರ ಎದುರು.

"ಹೆಸರು ಬಂದಾಗ ಚಿಕ್ಕಪ್ಪ ಎಲ್ಲಿದ್ರು?"

"ಮಂಚದ ಮೇಲೆ. ನನ್ನ ಬೆನ್ನ ಹಿಂದೆ. ನಾನು ಮೊಬೈಲು ಹಿಡ್ಕೊಂಡು ಟಿವಿ ಮುಂದೆ ಇದ್ದೆ."

"ಹೇಗಿದ್ರು?"

"ಎದೆ ಹಿಡ್ಕೊಂಡಿದ್ರು. ಬೆವರ್ತಿದ್ರು. ನಾನು ಏಳೋಕೆ ಹೋದೆ ಸರ್, ದೇವರಾಣೆ. ಅವರೇ ಬೇಡ ಅಂದ್ರು. ಮೊದಲು ಒತ್ತು ಇಂದಾಯ್, ಮಷೀನು ನಿಂದು, ಮೊದಲು ಒತ್ತು ಅಂದ್ರು. ಒತ್ತಿದೆ."

"ಬಹುಮಾನ ಮನೆಯವರಿಗೆ ಸಿಗ್ತಿರಲಿಲ್ವಾ?"

"ಗೆದ್ದೋರಿಗೆ ಮಾತ್ರ ಅಂತ ನಿಯಮ. ಸತ್ರೆ ಇಲ್ಲ. ನಾಳೆ ಮಷೀನು ಬರೋದಿತ್ತು. ಬಂದ ಕೂಡ್ಲೇ ಎಲ್ಲರಿಗೂ ಹೇಳಿ, ದೊಡ್ಡದಾಗಿ ಮಾಡ್ತಿದ್ದೆ. ಬ್ಯಾಂಡು ಇಡಿಸ್ತಿದ್ದೆ."

ಗ್ಲೆಂಡಾ ನೀರು ಕೊಟ್ಟಳು. ಮೆರ್ಲಿಂದಾ ಕುಡಿಯಲಿಲ್ಲ. ಹನ್ನೊಂದು ವರ್ಷದ ಹಿಂದೆ ತನಗೊಂದು ಹೊಲಿಗೆ ಅಂಗಡಿಯಿತ್ತು ಎಂದಳು. ಮೂರು ಶಾಲೆಗೆ ಸಮವಸ್ತ್ರ ಹೊಲಿಯುತ್ತಿದ್ದಳು. ಚಿಕ್ಕಪ್ಪ ಹಾಸಿಗೆ ಹಿಡಿದಾಗ ಬೇರೆ ಯಾರೂ ಬರಲಿಲ್ಲ. ಅಂಗಡಿ ಮುಚ್ಚಿದಳು, ಮಷೀನು ಮಾರಿದಳು. ಆಗಾಗ ಬೆರಳು ತಾನೇ ತಾನಾಗಿ ಬಟ್ಟೆ ತಳ್ಳುವಂತೆ ಆಡುತ್ತದೆ ಎಂದಳು.

"ಚಿಕ್ಕಪ್ಪನ ಮೇಲೆ ಸಿಟ್ಟಿತ್ತಾ?"

"ಇಲ್ಲ ಸರ್. ಅವರಷ್ಟು ನಗಿಸೋರು ಯಾರೂ ಇರಲಿಲ್ಲ."

ಪಲ್ಮಾರೆಸ್ ಚಾಟ್‌ನ ಪ್ರತಿಯನ್ನು ಅವಳ ಮುಂದೆ ಇಟ್ಟ. "ಮೊದಲನೇ ನಿಮಿಷ ಅವರು ಹೇಳಿದ್ದಕ್ಕೆ ಒತ್ತಿದ್ದು. ಒಪ್ಪಿದೆ. ಆಮೇಲಿನ ಹತ್ತು ನಿಮಿಷ?"

ಅವಳು ಕಾಗದದ ಅಂಚನ್ನು ಬೆರಳಿನಿಂದ ನೇರ ಮಾಡಿದಳು.

"3.14ಕ್ಕೆ ಒಬ್ಬರು ಎದೆ ಹೇಗಿದೆ ಅಂತ ಕೇಳಿದ್ದಾರೆ. ಚೆನ್ನಾಗಿದೆ ಅಂತ ಬರ್ದಿದ್ದೀಯ. ಆಗ ಅವರು ಬದುಕಿದ್ರಾ?"

"ಇದ್ರು."

"ಹೇಗೆ ಗೊತ್ತು?"

"ಮಂಚ ತಟ್ತಿದ್ರು." ಅವಳು ಮೇಜಿನ ಮೇಲೆ ಬೆರಳ ಗೆಣ್ಣಿನಿಂದ ಎರಡು ಸಲ ತಟ್ಟಿ ತೋರಿಸಿದಳು. "ಪೋಕರಲ್ಲಿ ಈ ಸಲ ನಂಗೆ ಬೇಡ, ಮುಂದಿನೋರು ಆಡಿ ಅನ್ನೋಕೆ ಮೇಜು ತಟ್ತಾರಲ್ಲ ಸರ್, ಹಾಗೆ. ಯಾವಾಗ್ಲೂ ಟಿವಿಯೋರ ಜೊತೆ ತಟ್ಟೋರು. ಆಡ್ತಿದ್ದಾರೆ ಅಂದ್ಕೊಂಡೆ."

"ಹಾಗೇ ಅಂದ್ಕೊಂಡೆಯಾ?"

ಅವಳು ತಟ್ಟಿದ ಕೈಯನ್ನು ಮಡಿಲಿಗೆ ಎಳೆದುಕೊಂಡಳು.

"ಇಲ್ಲ," ಎಂದಳು ಮೆರ್ಲಿಂದಾ. "ಗೊತ್ತಿತ್ತು. ಒಂದು ಸಲ ತಟ್ಟೋರು, ನಿಲ್ಲಿಸೋರು, ಮತ್ತೆ ತಟ್ಟೋರು. ಇನ್ನು ಐದೇ ನಿಮಿಷ, ಇನ್ನು ನಾಲ್ಕೇ ನಿಮಿಷ ಅಂತ ನಾನು ಪರದೆ ನೋಡ್ತಿದ್ದೆ. ಎಲ್ಲರೂ ಬಲಾತೊ ಬಲಾತೊ ಅಂತ ಬರೀತಿದ್ರು. ಹುಟ್ಟಿದ ತಾರೀಕು ಕೇಳೋ ಹೊತ್ತಿಗೆ ತಟ್ಟೋದು ನಿಂತಿತ್ತು."

"ಒಂದು ಸಲ ತಿರುಗಿ ನೋಡಬಾರದಿತ್ತಾ?"

"ತಿರುಗಿ ನೋಡಿದ್ರೆ ಎದ್ದು ಓಡಬೇಕಾಗ್ತಿತ್ತು ಸರ್. ಅದಕ್ಕೇ ನೋಡ್ಲಿಲ್ಲ."

ಗ್ಲೆಂಡಾ ಅದನ್ನು ಅವಳು ಹೇಳಿದ ಹಾಗೇ ಬರೆದುಕೊಂಡಳು. ಆರೋಪ ಮೂರು: ಅಪಾಯದಲ್ಲಿದ್ದವನಿಗೆ ನೆರವು ನೀಡದೆ ಕೈಬಿಟ್ಟದ್ದು, ಸಾವನ್ನು ಮುಚ್ಚಿಟ್ಟದ್ದು, ಸುಳ್ಳು ಹೆಬ್ಬೆಟ್ಟಿನಿಂದ ಬಹುಮಾನ ಪಡೆಯಲು ಯತ್ನಿಸಿದ್ದು. ಸಂಜೆ 4.50ಕ್ಕೆ ಮೆರ್ಲಿಂದಾ ಗಾಲ್ವೆಯ ಬಂಧನ ದಾಖಲಾಯಿತು. ಅವಳು ಕೇಳಿಕೊಂಡದ್ದು ಒಂದೇ: ಮಣ್ಣಾಗುವವರೆಗೆ ಯಾರೂ ಆ ಮನೆ ಗುಡಿಸದಂತೆ ನೋಡಿಕೊಳ್ಳಬೇಕು. ಪಲ್ಮಾರೆಸ್ ತಾನೇ ಹೋಗಿ ಪೊರಕೆಯನ್ನು ಜೀಪಿನಲ್ಲಿ ಹಾಕಿಕೊಂಡು ಬಂದ. ಪಂಚನಾಮೆಯಲ್ಲಿ ಅದಕ್ಕೆ ಕಾರಣ ಬರೆದಿಲ್ಲ.

ಹೆಣವನ್ನು ಮರುದಿನ ಓಣಿಯವರಿಗೆ ಒಪ್ಪಿಸಿದರು. ಆರು ಲೋಟ ಸಾಲದಾದವು. ಚಾಟ್‌ನಲ್ಲಿ ಮಾತ್ರ ಕಂಡಿದ್ದ ಜನ ಒಬ್ಬರ ಮುಖ ಒಬ್ಬರು ನೋಡುತ್ತ, ತಮ್ಮ ಚಾಟ್ ಹೆಸರು ಹೇಳಿಕೊಳ್ಳುತ್ತ ಒಳಬಂದರು. ಸಾವಿನ ಮನೆಯ ವಾಡಿಕೆಯಂತೆ ಅಂಗಳದಲ್ಲಿ ಇಸ್ಪೀಟಿನ ಮೇಜು ಬಿತ್ತು. ಮೇಸ್ಟ್ರಾ ಮಂಚದ ಬಳಿ ಕೂತು, ಎರಡು ವರ್ಷ ಎಂಟು ತಿಂಗಳಲ್ಲಿ ಮೊದಲ ಸಲ ಪೊನ್ಸೊನ ಮುಖ ನೋಡಿದರು. ಬಹಳ ಹೊತ್ತು ನೋಡಿದರು.

ಪಲ್ಮಾರೆಸ್ ಹೊರಡಲು ಎದ್ದಾಗ ಅವರು ಕೇಳಿದರು. "ನಾನು ಕೇಳಿದಾಗ ಅವನು ಬದುಕಿದ್ದನಾ ಮೆಲ್ಚೊರ್? ಎದೆ ಹೇಗಿದೆ ಅಂತ ಕೇಳಿದಾಗ?"

ಅವನಿಗೆ ಸುಳ್ಳು ಹೇಳಬೇಕೆನ್ನಿಸಿತು. ನಾಲ್ಕನೇ ಕ್ಲಾಸಿನಿಂದಲೂ ಅವರಿಗೆ ಸುಳ್ಳು ಹೇಳಲು ಬಂದಿರಲಿಲ್ಲ.

"ಇದ್ದರು ಮೇಸ್ಟ್ರಾ. ಮಂಚ ತಟ್ತಿದ್ರು."

ಅವರು ತಲೆಯಾಡಿಸಿದರು. ಅಂಗಳದ ಮೇಜಿನಲ್ಲಿ ಯಾರೋ ಒಬ್ಬ, ಈ ಸಲ ತನಗೆ ಬೇಡವೆಂದು, ಬೆರಳ ಗೆಣ್ಣಿನಿಂದ ಎರಡು ಸಲ ಹಲಗೆ ತಟ್ಟಿದ. ಮೇಸ್ಟ್ರಾ ಕೂಡಲೇ ತಿರುಗಿ ನೋಡಿದರು.